ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎರಡೂವರೆ ಗಂಟೆನಾ?

ಬನಶಂಕರಿ ವಾಸಿ:
ಡಿಸೆಂಬರ್‌ನಲ್ಲಿ ಅಪ್ಪ ತಂಗಿ ಮನೆಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಾರೆ, ಒಬ್ಬರೇ. ಎಷ್ಟು ಹೊತ್ತಾಗುತ್ತೆ ಅಂತ ಕೇಳಿದ್ದಕ್ಕೆ ತಂಗಿ ತನ್ನದೇ ಒಂದು ಹಳೇ ಟಿಕೆಟ್ ಕಳಿಸಿದಳು. ನೇರ ವಿಮಾನ, ಚಳಿಗಾಲದ್ದು. ಮಧ್ಯಾಹ್ನ 2:30ಕ್ಕೆ ದೇವನಹಳ್ಳಿ ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಲ್ಲಿ! "ಮೈಸೂರಿಗೆ ಹೋದಷ್ಟೇ ಹೊತ್ತು, ಅದಕ್ಕೆ ಇಷ್ಟು ದುಡ್ಡಾ?" ಅಂತ ಅಪ್ಪನ ತಮಾಷೆ.

ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಹಿಡಿದರೆ ಹದಿನೈದೂವರೆ ಗಂಟೆ. ಆದರೆ ಹೋಗುವಾಗ 16, ಬರುವಾಗ 17ಕ್ಕೂ ಜಾಸ್ತಿ ಅಂತಾಳೆ ತಂಗಿ. ದೂರ ಒಂದೇ ಅಲ್ವಾ? ಅಪ್ಪ ಬಿಪಿ ಮಾತ್ರೆ ಯಾವಾಗ ತಗೋಬೇಕು ಅನ್ನೋ ಚಿಂತೆ ಬೇರೆ.

ನಿದ್ದೆಗೆಟ್ಟವನು:
ಬನಶಂಕರಿಯಿಂದ ಏರ್‌ಪೋರ್ಟ್‌ಗೇ ಎರಡೂವರೆ ಗಂಟೆ ಇಟ್ಕೊಳ್ಳಿ. ಮಿಕ್ಕಿದ್ದು ಆಮೇಲೆ.

ಭೂಗೋಳದ ಮೇಷ್ಟ್ರು:
ಮೊದಲು ಗಡಿಯಾರ. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. 2:30ರಿಂದ 5ರವರೆಗಿನ ಎರಡೂವರೆ ಗಂಟೆಗೆ ಅದನ್ನು ಕೂಡಿಸಿ, 16 ಗಂಟೆ ಆಯ್ತಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಮುಂದಿಟ್ಟುಕೊಳ್ಳುವುದರಿಂದ ಅಂತರ 12:30.

ಇನ್ನು ದಾರಿ. ಮನೇಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ಟಿಬೆಟ್, ಚೀನಾ ದಾಟಿ ಸೈಬೀರಿಯಾ ಹಾದು, ಅಲಾಸ್ಕಾ ಮೇಲಿಂದ ಇಳಿಯುತ್ತೆ. ನಿಮ್ಮ 14,000 ಅಂದರೆ ಈ ದಾರದ ಉದ್ದ. ಆದರೆ ವಿಮಾನ ಸುಮ್ನೆ ಈ ದಾರದ ಮೇಲೇ ಹೋಗಲ್ಲ. ಒಳಗಿನ ಗಾಳಿಯ ಒತ್ತಡ ಕಮ್ಮಿಯಾದರೆ ಪೈಲಟ್ ತಕ್ಷಣ 10,000 ಅಡಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಸೋದೆಲ್ಲಿಗೆ? ಹಾಗಾಗಿ ಪೂರ್ವಕ್ಕೆ ಬಳಸಿ ಪೆಸಿಫಿಕ್ ಮೇಲೆ ಹೋಗೋದು ವಾಡಿಕೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಗುತ್ತೆ, ಚಳಿಗಾಲದಲ್ಲಂತೂ ಜೋರಾಗಿ. ದೂರ ಜಾಸ್ತಿಯಾದರೂ ಹೊತ್ತು ಉಳಿಯುತ್ತೆ. ಬರುವಾಗ ಅದೇ ಗಾಳಿ ಎದುರಾಳಿ, ಅದಕ್ಕೇ ಬೇರೆ ದಾರಿ ಹುಡುಕುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದಿದ್ದು ಉತ್ತರ ಧ್ರುವದ ಮೇಲೆ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ.

ಬನಶಂಕರಿ ವಾಸಿ:
ಮೇಷ್ಟ್ರೇ, ಅಪ್ಪ ಆಗಲೇ ಅಟ್ಟದ ಮೇಲಿನ ಗ್ಲೋಬ್ ಇಳಿಸಿ ಹೂವಿನ ದಾರ ಹಿಡಿದು ಕೂತಿದ್ದಾರೆ. ಮಾತ್ರೆ?

ಜಯನಗರದ ಅಮ್ಮ:
ಡಾಕ್ಟರ್ ಹತ್ರ ಹೊತ್ತು ಬರೆಸ್ಕೊಳ್ಳಿ. ದಾರಿಯಲ್ಲಿ ಬೆಂಗಳೂರು ಟೈಮೇ ಇರಲಿ ಅಂದರು ನಮ್ಮ ಡಾಕ್ಟರ್, ನಿಮ್ಮವರು ಬೇರೆ ಹೇಳಬಹುದು. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯೋಕೆ ಆಗುತ್ತೆ ಅಂತ ಅಪ್ಪ ಜಗಳ ಆಡ್ತಾರೆ, ಆಡಲಿ ಬಿಡಿ. ಇಮಿಗ್ರೇಷನ್ ಸಾಲು ನೋಡಿದ ಮೇಲೆ ಸುಮ್ಮನಾಗ್ತಾರೆ.