2000 ವ್ಯಾಟ್ ಗೀಸರ್ ನಮ್ಮ ಮನೆಯಲ್ಲಿ 1160 ವ್ಯಾಟ್ ಮಾತ್ರ ಯಾಕೆ?

ಆಲ್ದೂರು ತೋಟ:
ನಮ್ಮದು ಆಲ್ದೂರಿನಿಂದ ಒಳಗೆ ತೋಟದ ಮನೆ. ಟ್ರಾನ್ಸ್‌ಫಾರ್ಮರ್ ದೂರ, ಲೈನಿನ ಕೊನೆಯ ಮನೆ ನಮ್ಮದೇ. 15 ಲೀಟರಿನ ಗೀಸರ್, ಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಇದೆ. ನೀರು ಕಾಯಲು ಅರ್ಧ ಗಂಟೆ ದಾಟುತ್ತದೆ. ಅಂಗಡಿಯವರು ನೋಡದೇನೇ ಕಾಯಿಲ್ ಹೋಗಿದೆ, ಹೊಸದು ಹಾಕಿಸಿ ಅಂದರು.

ನೆಂಟರ ಹುಡುಗನ ಕ್ಲ್ಯಾಂಪ್ ಮೀಟರ್ ತಂದು ನೋಡಿದೆ. ಗೀಸರ್ ಆಫ್ ಇದ್ದಾಗ ಸಾಕೆಟ್‌ನಲ್ಲಿ 208 ವೋಲ್ಟ್, ಆನ್ ಮಾಡಿದ ತಕ್ಷಣ 176ಕ್ಕೆ ಇಳಿಯುತ್ತದೆ. ಆಗ 6.6 ಆಂಪ್ಸ್. ಗುಣಿಸಿದರೆ ಸುಮಾರು 1160 ವ್ಯಾಟ್ ಬರುತ್ತೆ. ಉಳಿದ 840 ವ್ಯಾಟ್ ಎಲ್ಲಿ ಹೋಯಿತು? ಇನ್ನೊಂದು, ಬಾವಿಯ 1 ಎಚ್‌ಪಿ ಪಂಪು ವೋಲ್ಟೇಜ್ ಕಡಿಮೆ ಇದ್ದಾಗ ಆಂಪ್ಸ್ ಜಾಸ್ತಿ ಎಳೆಯುತ್ತದೆ, ಗೀಸರ್ ಮಾತ್ರ ಕಡಿಮೆ. ಎರಡೂ ಹೇಗೆ ಸರಿ?

ಸಕಲೇಶಪುರ ವೈರ್‌ಮನ್:
ಕಾಯಿಲ್ ಬದಲಾಯಿಸಬೇಡಿ ಸರ್, ಅದು ಚೆನ್ನಾಗಿಯೇ ಇದೆ. ಲೆಕ್ಕ ನೋಡಿ. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್: 176 ÷ 6.6 = 26.7 ಓಮ್. ಕಂಪನಿ ಬರೆದಿರುವ ಪ್ರಕಾರ ಎಷ್ಟಿರಬೇಕು? 230 × 230 ÷ 2000 = 26.45. ಎರಡೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ಪ್ಲಗ್ ಕಿತ್ತು, ಗೀಸರ್ ಪಿನ್ನುಗಳ ನಡುವೆ ಓಮ್ ಇಟ್ಟು ನೋಡಿದರೂ ಇಷ್ಟೇ ತೋರಿಸಬೇಕು, ನೀರು ತಣ್ಣಗಿರಲಿ, ಇಲ್ಲದಿದ್ದರೆ ಥರ್ಮೋಸ್ಟಾಟ್ ಕಟ್ ಆಗಿ ಏನೂ ತೋರಿಸದು. ಕರೆಂಟ್ ಇರುವಾಗ ಓಮ್ ಅಳೆಯಬೇಡಿ, ಮೀಟರ್ ಸುಟ್ಟುಹೋಗುತ್ತೆ, ಕೈಗೂ ಅಪಾಯ. ಹಳೇ ತಂತಿ ಬಲ್ಬಿಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ. ತಣ್ಣಗಿದ್ದಾಗ ಅದರ ಓಮ್ ಉರಿಯುವಾಗಿನ ಹತ್ತನೇ ಒಂದು ಭಾಗವೂ ಇರಲ್ಲ. ಗೀಸರ್ ಕಾಯಿಲಿನ ನೈಕ್ರೋಮ್ ತಂತಿ ಬಿಸಿಯಾದರೂ ಅಷ್ಟೊಂದು ಬದಲಾಗುವುದಿಲ್ಲ.

840 ವ್ಯಾಟ್ ಎಲ್ಲೂ ಹೋಗಿಲ್ಲ, ಬಂದೇ ಇಲ್ಲ. ರೆಸಿಸ್ಟೆನ್ಸ್ ಅಷ್ಟೇ ಇದ್ದರೆ ವ್ಯಾಟ್ ಇಳಿಯುವುದು ವೋಲ್ಟಿನ ವರ್ಗದ ಲೆಕ್ಕದಲ್ಲಿ. ನಿಮ್ಮ ವೋಲ್ಟ್ ಕಾಲು ಭಾಗದಷ್ಟೂ ಕಡಿಮೆಯಾಗಿಲ್ಲ, ವ್ಯಾಟ್ ಮಾತ್ರ ನೂರಕ್ಕೆ 42ರಷ್ಟು ಬಿದ್ದಿದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್ ಬೇಕೇ ಬೇಕು. 2000 ವ್ಯಾಟಿಗೆ 21 ನಿಮಿಷ, ನಿಮ್ಮ 1160ಕ್ಕೆ 36 ನಿಮಿಷ.

ನಾನು ನೋಡುವುದಾದರೆ ಆ 32 ವೋಲ್ಟ್ ನೋಡುತ್ತೇನೆ. 32 ÷ 6.6, ಅಂದರೆ ಸುಮಾರು 4.85 ಓಮ್ ದಾರಿಯಲ್ಲೇ ಕೂತಿದೆ. ಮೀಟರ್ ಬೋರ್ಡ್ ಎಲ್ಲಿದೆ, ಅಲ್ಲಿಂದ ಮನೆಗೆ ಎಷ್ಟು ದೂರ, ಯಾವ ವೈರು? ಗೀಸರ್ ಓಡುವಾಗ ಬೋರ್ಡಿನ ಹತ್ತಿರ ಎಷ್ಟು ವೋಲ್ಟ್ ಅಂತಲೂ ನೋಡಿ ಹೇಳಿ.

ಅರಸೀಕೆರೆ ತೆಂಗು:
ಪಂಪಿನ ವಿಷಯ ನಾನು ಹೇಳ್ತೀನಿ. ಮೋಟಾರ್ ಬರೀ ರೆಸಿಸ್ಟೆನ್ಸ್ ಅಲ್ಲ. ವೋಲ್ಟ್ ಇಳಿದರೂ ನೀರು ಎತ್ತುವ ಕೆಲಸ ಅಷ್ಟೇ ಇರುತ್ತದಲ್ಲ, ಅದಕ್ಕೇ ಆಂಪ್ಸ್ ಜಾಸ್ತಿ ಎಳೆದು ಹೇಗೋ ಓಡುತ್ತದೆ. ಆ ಜಾಸ್ತಿ ಆಂಪ್ಸ್ ವೈಂಡಿಂಗ್ ಕಾಯಿಸುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಮೋಟಾರ್ ಸುಟ್ಟು ರಿವೈಂಡಿಂಗ್ ಅಂಗಡಿ ಮುಂದೆ ಸಾಲು ನಿಲ್ಲುವುದು ಸುಮ್ನೆ ಅಲ್ಲ. ನಿಮ್ಮಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಎಲ್ಲರೂ ಸ್ಪ್ರಿಂಕ್ಲರ್ ಹಾಕುವಾಗ ಇದೇ ಕಥೆ ಇರಬೇಕು.

ಮೋಟಾರಿಗೆ ವೋಲ್ಟ್ × ಆಂಪ್ಸ್ ಮಾಡಿ ಅದನ್ನೇ ವ್ಯಾಟ್ ಅನ್ನಬೇಡಿ, ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವುದನ್ನೂ ಸೇರಿಸಿ ಗುಣಿಸಬೇಕು. ಸುಲಭದ ದಾರಿ ಇದೆ. ಉಳಿದದ್ದೆಲ್ಲ ಆಫ್ ಮಾಡಿ ಪಂಪು ಮಾತ್ರ ಓಡಿಸಿ, ಮನೆ ಮೀಟರಿನ ಕೆಂಪು ಲೈಟ್ ಮಿನುಗುವುದನ್ನು ಎಣಿಸಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಪಲ್ಸ್ ಅಂತಿದ್ದರೆ, 10 ಸೆಕೆಂಡಿಗೆ 10 ಸಲ ಮಿನುಗಿದರೆ 1125 ವ್ಯಾಟ್. ಬಿಲ್ ಬರುವುದು ಇದಕ್ಕೇ.

ಆಲ್ದೂರು ತೋಟ:
ಮೀಟರ್ ಗೇಟಿನ ಹತ್ತಿರ. ಅಲ್ಲಿಂದ ಮನೆಗೆ 120 ಮೀಟರ್, 2.5 ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ವೈರು. ಬೋರ್ಡಿನಲ್ಲಿ ಗೀಸರ್ ಆಫ್ ಇದ್ದಾಗ 208, ಓಡುವಾಗ 196.

ಸಕಲೇಶಪುರ ವೈರ್‌ಮನ್:
ಹಾಗಾದರೆ 12 ವೋಲ್ಟ್ ಕಂಬದ ಕಡೆ ಬೀಳುತ್ತಿದೆ, ಅದು ನಿಮ್ಮ ಬಿಲ್ಲಿಗೆ ಬರಲ್ಲ. ಉಳಿದ 20 ವೋಲ್ಟ್ ಮೀಟರ್ ದಾಟಿದ ಮೇಲೆ. 20 × 6.6 = 132 ವ್ಯಾಟ್, ಗೀಸರ್ ಓಡುವಷ್ಟು ಹೊತ್ತೂ ನಿಮ್ಮ ದುಡ್ಡು.

2.5 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರಿಗೆ 7.4 ಓಮ್. ಹೋಗಿ ಬರುವ ದಾರಿ 240 ಮೀಟರ್, ಅಂದರೆ 1.8 ಓಮ್ ಹತ್ತಿರ. ನಿಮ್ಮಲ್ಲಿ ಇರುವುದು 20 ÷ 6.6, ಅಂದರೆ 3 ಓಮ್. ಹೆಚ್ಚುವರಿ 1.2 ಓಮ್ ಯಾವುದೋ ಜಾಯಿಂಟ್‌ನಲ್ಲಿದೆ. 6.6 × 6.6 × 1.2 ಮಾಡಿದರೆ 52 ವ್ಯಾಟ್. ಇದು ಎರಡು ಸೋಲ್ಡರಿಂಗ್ ಐರನ್ ಬಿಸಿ, ಒಂದು ಸ್ಕ್ರೂ ಸುತ್ತ! ವೋಲ್ಟೇಜಿನ ಮಾತು ಆಮೇಲೆ, ಬೆಂಕಿ ಹತ್ತಬಾರದು. ಗೀಸರ್ ಹಾಕಬೇಡಿ. ಮೇನ್ ಆಫ್ ಮಾಡಿಸಿ ಯಾರಾದರೂ ಗೊತ್ತಿರುವವರ ಕೈಲಿ ಎಲ್ಲ ಕನೆಕ್ಟರ್, ಫ್ಯೂಸ್ ಬಿಚ್ಚಿಸಿ ನೋಡಿ. ನ್ಯೂಟ್ರಲ್ ಮರೀಬೇಡಿ, ಎಲ್ಲರೂ ಫೇಸ್ ಮಾತ್ರ ನೋಡಿ ಎದ್ದು ಬರುತ್ತಾರೆ.

ಆಲ್ದೂರು ತೋಟ:
ನ್ಯೂಟ್ರಲ್ಲೇ ಸರ್. ಗೊಬ್ಬರದ ರೂಮಿನ ಗೋಡೆ ಮೇಲೆ ಸ್ಕ್ರೂ ಕನೆಕ್ಟರ್ ಇತ್ತು, ಪ್ಲಾಸ್ಟಿಕ್ ಕಂದಾಗಿ ಒಂದು ಕಡೆ ಕರಗಿ ಗೋಡೆಗೆ ಅಂಟಿಕೊಂಡಿತ್ತು. ಕೆಳಗೇ ಗೋಣಿಚೀಲ ಪೇರಿಸಿದ್ದೆವು. ವೈರ್ ಕತ್ತರಿಸಿ, ತುದಿಗೆ ಹೊಸ ಲಗ್ (ಲೋಹದ ತುದಿ) ಹಾಕಿ ಒತ್ತಿಸಿದ ಮೇಲೆ ಗೀಸರಿನಲ್ಲಿ 183 ವೋಲ್ಟ್, 6.9 ಆಂಪ್ಸ್. ಸುಮಾರು 1260 ವ್ಯಾಟ್. ಕಂಬದ ಕಡೆಯ 12 ವೋಲ್ಟಿಗೆ ಅರ್ಜಿ ಬರೆಯುತ್ತಿದ್ದೇನೆ, ಈ ಅಂಕಿಗಳನ್ನೇ ಹಾಕಿ.