ಮರುಕೇಳಿಕೆ: ‘ಶ್ಯಾಡೋ ಫಂಕ್ಷನ್’ಗೆ ‘ನೆರಳುಬಗೆ’ ಆಗುತ್ತಾ? ಬುಧವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಮನೋವಿಜ್ಞಾನದ ‘ಶ್ಯಾಡೋ ಫಂಕ್ಷನ್’ಗೂ ಅದರ ಜೊತೆಯ ಪದಗಳಿಗೂ ಕನ್ನಡದಲ್ಲಿ ಏನನ್ನಬಹುದು ಅಂತ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಆದರೆ ಒಂಬತ್ತು ಮೇಲ್ ಬಂದರೂ ಪ್ರಿಂಟಿಗೆ ಕೊಡುವಂಥ ಪದ ಇನ್ನೂ ಸಿಕ್ಕಿಲ್ಲ. ನನಗೆ ಬೇಕಿರುವುದು ಪ್ರಬಂಧವಲ್ಲ. ಆಪ್ತಸಮಾಲೋಚಕರ ತರಬೇತಿಗೆ ಗೋಡೆಗೆ ಹಾಕುವ ಒಂದು ಚಾರ್ಟು. ಎಂಟು ಚೌಕ, ಒಂದೊಂದಕ್ಕೆ ಒಂದು ಹೆಸರು, ಅಷ್ಟೇ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಸ್ವಿಸ್ ಮನೋವಿಜ್ಞಾನಿ ಯೂಂಗ್ 1921ರಲ್ಲಿ ಮನಸ್ಸಿನ ನಾಲ್ಕು ಫಂಕ್ಷನ್, ಅಂದರೆ ಮನಸ್ಸು ಕೆಲಸ ಮಾಡುವ ನಾಲ್ಕು ರೀತಿ, ಹೇಳಿದ: ಯೋಚಿಸುವುದು, ಬೇಕು-ಬೇಡ ತೂಗುವ ಭಾವ, ಇಂದ್ರಿಯಗಳಿಂದ ಅರಿಯುವುದು, ಥಟ್ಟನೆ ಹೊಳೆಯುವುದು. ಪ್ರತಿಯೊಂದಕ್ಕೂ ಒಳಮುಖ, ಹೊರಮುಖ ಇವೆ, ಹಾಗಾಗಿ ಎಂಟು. ಯೂಂಗ್ ಹಾದಿಯ ಮನೋವಿಶ್ಲೇಷಕ, ಸ್ಯಾನ್ ಫ್ರಾನ್ಸಿಸ್ಕೋದ ಜಾನ್ ಬೀಬಿ ಎಷ್ಟೋ ವರ್ಷಗಳ ನಂತರ ಈ ಎಂಟಕ್ಕೂ ಒಂದೊಂದು ಪಾತ್ರ ಕೊಟ್ಟ. ಮೊದಲ ನಾಲ್ಕು ‘ಇದು ನಾನು’ ಅಂತ ನಾವು ಹೆಚ್ಚುಕಮ್ಮಿ ಒಪ್ಪಿಕೊಳ್ಳುವಂಥವು. ಉಳಿದ ನಾಲ್ಕು ಹೊಸವಲ್ಲ, ಅವೇ, ಮುಖ ಮಾತ್ರ ತಿರುಗಿದೆ. ಒಳಮುಖದ ಯೋಚನೆ ಒಬ್ಬರ ದೊಡ್ಡ ಬಲವಾಗಿದ್ದರೆ ಹೊರಮುಖದ ಯೋಚನೆ ಅವರ ನೆರಳಲ್ಲಿ ಕೂತು ಎದುರಾಡುತ್ತಿರುತ್ತದೆ. ಶ್ಯಾಡೋ ಫಂಕ್ಷನ್ ಅಂದರೆ ಇದು.

ನೀವು ಸೂಚಿಸಿದ ‘ಛಾಯಾವೃತ್ತಿ’ ಆಗುವುದಿಲ್ಲ. ಪತಂಜಲಿಯ ಯೋಗಸೂತ್ರದ ಚಿತ್ತವೃತ್ತಿ, ಅಂದರೆ ಮನಸ್ಸಿನ ಚಟುವಟಿಕೆ, ನನಗೂ ಗೊತ್ತು. ಆದರೆ ಇವತ್ತು ಕನ್ನಡದಲ್ಲಿ ವೃತ್ತಿ ಅಂದರೆ ಕೆಲಸ, ಛಾಯಾ ಅಂದರೆ ಫೋಟೋ. ಚಾರ್ಟ್ ನೋಡಿದವರು ಫೋಟೋ ತೆಗೆಯುವ ಕಸುಬು ಅಂದುಕೊಳ್ಳುತ್ತಾರೆ, ತಪ್ಪು ಅವರದಲ್ಲ.

‘ನೆರಳುವೃತ್ತಿ’ ಅರಿಸಮಾಸ (ಕನ್ನಡ-ಸಂಸ್ಕೃತ ಪದಗಳನ್ನು ಕೂಡಿಸಿದ, ವ್ಯಾಕರಣ ಒಪ್ಪದ ಸಮಾಸ) ಅಂತ ಹಿರಿಯರೊಬ್ಬರು ಒಂದೇ ಸಾಲಲ್ಲಿ ತಳ್ಳಿಹಾಕಿದ್ದಾರೆ. ಸರಿ ಸಾರ್, ಆದರೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಹಳಬರ ಬಳಕೆಯಲ್ಲಿ ಬಂದಿದ್ದನ್ನು ಒಪ್ಪಿಕೊಂಡಿದ್ದಾನಲ್ವಾ? ‘ಕಟ್ಟಾಜ್ಞೆ’ ಅಂತ ನಾವೆಲ್ಲ ಬರೆಯುತ್ತೇವೆ. ಏನೇ ಇರಲಿ, ವೃತ್ತಿಯನ್ನೇ ಬಿಟ್ಟರೆ ಆ ಜಗಳವೂ ಇಲ್ಲ.

ನನ್ನ ಪದ ‘ಬಗೆ’. ಕಿಟೆಲ್ ನಿಘಂಟು ತೆಗೆದು ನೋಡಿ: ಮನಸ್ಸು, ಆಲೋಚನೆ ಎರಡೂ ಇವೆ. ‘ತನ್ನವರೆಂದು ಬಗೆದ’ ಅಂತ ಈಗಲೂ ಬರೆಯುತ್ತೇವೆ. ರೀತಿ ಅನ್ನುವ ಅರ್ಥ ಹೇಗೂ ಇದೆ. ಮನಸ್ಸು ಕೆಲಸ ಮಾಡುವ ರೀತಿಗೆ ಇಷ್ಟು ಹೊಂದುವ ಪದ ಇನ್ನೊಂದು ನನಗೆ ಕಾಣಲಿಲ್ಲ. ಹಾಗಾದರೆ ಟೈಪ್‌ಗೆ (ವ್ಯಕ್ತಿತ್ವದ ಮಾದರಿಗೆ) ಏನು ಅಂತ ಕೇಳಿದ್ದೀರಿ. ‘ಜಾಯಮಾನ’ ಇದೆಯಲ್ಲ! ‘ಜಗಳ ನನ್ನ ಜಾಯಮಾನಕ್ಕೆ ಒಗ್ಗಲ್ಲ’ ಅಂತ ದಿನಾ ಹೇಳುತ್ತೇವೆ. ಸಂಸ್ಕೃತದ್ದೇ, ಆದರೆ ಬಾಯಲ್ಲಿ ಪಳಗಿದೆ.

ಇನ್ನು ‘ನೆರಳು’. ಕನ್ನಡದಲ್ಲಿ ನೆರಳೆಂದರೆ ತಂಪು, ಆಸರೆ, ‘ಅಪ್ಪನ ನೆರಳಲ್ಲಿ ಬೆಳೆದೆ’ ಅನ್ನುವಾಗಿನ ನೆರಳು, ಅದು ಮನಸ್ಸಿನ ಕತ್ತಲೆಗೆ ಹೇಗೆ ಹೊಂದುತ್ತದೆ ಅನ್ನುವ ಪ್ರಶ್ನೆ ಬಂತು. ಒಳ್ಳೆಯ ಪ್ರಶ್ನೆ, ಎರಡು ದಿನ ಕಾಡಿತು. ಇಂಗ್ಲಿಷಿನಲ್ಲಿ ತಂಪಿನ ನೆರಳಿಗೆ ‘ಶೇಡ್’, ಹಿಂದೆ ಬೀಳುವ ನೆರಳಿಗೆ ‘ಶ್ಯಾಡೋ’. ಯೂಂಗ್ ಬರೆದಿದ್ದು ಜರ್ಮನ್ನಿನಲ್ಲಿ, ಅಲ್ಲಿ ಎರಡಕ್ಕೂ ‘ಶಾಟೆನ್’ ಒಂದೇ ಪದ. ನಮ್ಮಲ್ಲೂ ಒಂದೇ. ಮತ್ತೆ ಯೂಂಗ್ ಹೇಳುವ ನೆರಳಲ್ಲಿ, ಅಂದರೆ ನಾವು ನಮ್ಮದಲ್ಲ ಅಂತ ಬದಿಗೆ ತಳ್ಳಿದ ಭಾಗದಲ್ಲಿ, ಬರೀ ಕೆಟ್ಟದ್ದಿಲ್ಲ, ಬೆಳೆಸದೆ ಬಿಟ್ಟ ಒಳ್ಳೆಯದೂ ಇದೆ. ಹಾಗಾಗಿ ನಮ್ಮ ಪದ ಮೂಲಕ್ಕೆ ಇಂಗ್ಲಿಷಿಗಿಂತ ಹತ್ತಿರ. ಇದನ್ನು ಬಿಡಲು ನಾನು ತಯಾರಿಲ್ಲ.

ಆರ್ಕಿಟೈಪ್‌ಗೆ (ಎಲ್ಲರ ಮನಸ್ಸಿನಲ್ಲೂ ಹುಟ್ಟಿನಿಂದ ಇರುವ ಆಕಾರ, ಬೀಬಿ ಕೊಟ್ಟ ಪಾತ್ರಗಳು ಇಂಥವೇ) ‘ಮೂಲಮಾದರಿ’ ಎಂಜಿನಿಯರುಗಳ ಪಾಲಾಗಿದೆ. ‘ಆದಿರೂಪ’ ಪುಸ್ತಕಗಳಲ್ಲಿದೆ, ಕೆಟ್ಟದ್ದೇನಲ್ಲ. ಆದರೆ ಗ್ರೀಕಿನ ‘ಟೈಪೋಸ್’ ಅಂದರೆ ಒತ್ತಿದ ಗುರುತು, ಅಚ್ಚು. ‘ಮೊದಲಚ್ಚು’ ಯಾಕಾಗಬಾರದು? ಸಂಕ್ರಾಂತಿಗೆ ಅಮ್ಮ ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಎರಡು ಹೋಳು ಸೇರಿಸಿ ದಾರ ಬಿಗಿದು, ಬಿಸಿ ಪಾಕ ಹೊಯ್ಯುತ್ತಿದ್ದಳು. ಬಿಚ್ಚಿದರೆ ಗಿಳಿ, ಆನೆ, ತೇರು. ಮರದೊಳಗೆ ಗಿಳಿ ಇರುವುದಿಲ್ಲ, ಗಿಳಿಯಾಗುವ ಖಾಲಿ ಜಾಗ ಇರುತ್ತದೆ. ಯೂಂಗ್ ಒತ್ತಿ ಹೇಳಿದ್ದೂ ಇದನ್ನೇ: ಹುಟ್ಟಿನಿಂದ ಬರುವುದು ಚಿತ್ರವಲ್ಲ, ಚಿತ್ರ ಮೂಡುವ ಆಕಾರ. ತೊಡಕು ಒಂದಿದೆ, ನಾವು ಮರವನ್ನೂ ಸಕ್ಕರೆಯನ್ನೂ ಅಚ್ಚು ಅಂತಲೇ ಕರೆಯುತ್ತೇವೆ. ‘ಮೊದಲ’ ಅಂತ ಸೇರಿಸಿದ್ದು ಅದಕ್ಕೇ. ಅಚ್ಚು ‘ಅಕ್ಷ’ದ ತದ್ಭವ ಅಂದವರು ಗಾಡಿಯ ಅಚ್ಚಿನ ಮಾತಾಡುತ್ತಿದ್ದಾರೆ. ಅದು ಬೇರೆ ಪದ.

ಟ್ರಿಕ್‌ಸ್ಟರ್‌ಗೆ (ಆಟವಾಡಿಸಿ ಮೋಸ ಮಾಡುವ ಪಾತ್ರ) ‘ಕಿಲಾಡಿ’ ಅಂದಿದ್ದಕ್ಕೆ ಹಿಂದಿ ಪದ ಬೇಡವೇ ಬೇಡ ಅಂತ ಒಬ್ಬರು ಸಿಟ್ಟಾಗಿದ್ದಾರೆ. ಅವರ ಮೇಲಿನಲ್ಲೇ ಜವಾಬ್ದಾರಿ, ಕಾಗದ, ಜಾಸ್ತಿ ಇವೆ, ಮೂರೂ ಹೊರಗಿನಿಂದ ಬಂದವು. ಬಂದು ಎಷ್ಟು ಕಾಲವಾಯಿತು ಅನ್ನುವುದಕ್ಕಿಂತ ನಮ್ಮ ವಿಭಕ್ತಿ ಹಿಡಿದು ನಡೆಯುತ್ತದಾ ಅನ್ನುವುದು ಮುಖ್ಯ. ಕಿಲಾಡಿ ಮನುಷ್ಯ, ಕಿಲಾಡಿತನ, ಕಿಲಾಡಿಯ ಕೈಗೆ ಸಿಕ್ಕಿದೆ: ಎಲ್ಲವೂ ಸಲೀಸು. ‘ವಂಚಕ’ ಶುದ್ಧವಾಗಿದೆ, ಆದರೆ ಅದರಲ್ಲಿ ಆಟವಿಲ್ಲ. ಸುಮ್ನೆ ಮೋಸಗಾರ ಅಂತಾಗುತ್ತದೆ. ಗಂಡಸಿನ ಮನಸ್ಸಿನೊಳಗಿನ ಹೆಣ್ಣಿನ ರೂಪಕ್ಕೆ ಯೂಂಗ್ ಕೊಟ್ಟ ‘ಆನಿಮಾ’ ಹಾಗೇ ಇರಲಿ. ‘ಒಳಹೆಣ್ಣು’ ಚೆನ್ನಾಗಿದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತೇನೆ.

ಉಳಿದಿದ್ದು ಒಂದು ಚೌಕ. ಆರನೆಯದು, ಸೆನೆಕ್ಸ್. ಲ್ಯಾಟಿನ್ನಿನಲ್ಲಿ ಮುದುಕ ಅಂತ. ಇಲ್ಲಿ ಬುದ್ಧಿ ಹೇಳುವ ಅಜ್ಜನಲ್ಲ, ಏನು ಮಾಡಿದರೂ ಕೊಂಕು ತೆಗೆದು ಎದುರಿನವರ ಹುರುಪನ್ನೇ ಆರಿಸುವ ಮುದುಕ. ‘ಹಿರಿಯ’ ಅಂದರೆ ಗೌರವ ಬಂದುಬಿಡುತ್ತದೆ. ಧಾರವಾಡ, ಕಲಬುರಗಿ, ಕರಾವಳಿ ಕಡೆ ಮನೆಮಾತಿನಲ್ಲಿ ಇಂಥವರಿಗೆ ಒಂದೇ ಪದ ಇದ್ದರೆ ಕಳಿಸಿ. ವ್ಯುತ್ಪತ್ತಿ ಆಮೇಲೆ ಮಾತಾಡೋಣ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಫೈಲ್ ಕೊಡಬೇಕು.