ಸೆಕ್ಷನ್ ವ್ಯೂನಲ್ಲಿ ರಿಬ್‌ಗೂ ಹ್ಯಾಚ್ ಬೀಳುತ್ತಿದೆ, ಪ್ಯಾಟರ್ನ್ ಮಾಡುವವರು ಗಟ್ಟಿ ಶಂಕು ಅಂದುಕೊಂಡರು

ಮೆಕ್ಕೆಜೋಳ_ಮಷಿನ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೆಕ್ಕೆಜೋಳದ ಕಾಳು ಬಿಡಿಸುವ ಮಷಿನ್ ಮಾಡುವ ಸಣ್ಣ ವರ್ಕ್‌ಶಾಪ್‌ನಲ್ಲಿ ಡ್ರಾಯಿಂಗ್ ಕೆಲಸ ನನ್ನದು. ಶಾಫ್ಟಿನ ಬುಷ್ ಕೂರುವ ಬ್ರ್ಯಾಕೆಟ್ಟನ್ನು ಇಷ್ಟು ವರ್ಷ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡುತ್ತಿದ್ದೆವು. ಈ ಸಲ ಬೀಡುಕಬ್ಬಿಣದ ಕಾಸ್ಟಿಂಗ್ (ಎರಕ) ಮಾಡಿಸೋಣ ಅಂತ ಸಾಲಿಡ್‌ವರ್ಕ್ಸ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿದೆ.

ಅಳತೆ ಹೀಗಿದೆ. ಕೆಳಗೆ 160 ವ್ಯಾಸದ, 12 ಮಿ.ಮೀ. ದಪ್ಪದ ಫ್ಲ್ಯಾಂಜ್ (ದುಂಡು ತಟ್ಟೆ). ಅದರ ಮೇಲೆ 60 ವ್ಯಾಸದ ಹಬ್ (ದುಂಡು ನಡುಭಾಗ), ಎತ್ತರ 80. ಮಧ್ಯೆ 35ರ ಬೋರ್. ಹಬ್ ಸುತ್ತ 120 ಡಿಗ್ರಿಗೊಂದರಂತೆ 3 ತ್ರಿಕೋನ ರಿಬ್ (ಆಧಾರ ಕೊಡುವ ತೆಳು ಪಟ್ಟಿ), ದಪ್ಪ 8, ಹಬ್ ಮೇಲೆ 60 ಎತ್ತರ, ಫ್ಲ್ಯಾಂಜ್ ಮೇಲೆ 40 ಉದ್ದ. ರಿಬ್‌ಗಳ ನಡುನಡುವೆ 14ರ 3 ಬೋಲ್ಟ್ ತೂತು, 130ರ ಪಿ.ಸಿ.ಡಿ. (ತೂತುಗಳ ಕೇಂದ್ರ ಹಾಯುವ ವೃತ್ತದ ವ್ಯಾಸ) ಮೇಲೆ.

ಎರಡೂ ಬದಿಗೆ ರಿಬ್ ಕಾಣಲಿ ಅಂತ ಅಲೈನ್ಡ್ ಸೆಕ್ಷನ್ (ಕೋನದಲ್ಲಿರುವ ಎರಡು ಕಟ್‌ಗಳನ್ನು ಒಂದೇ ಸಮತಲಕ್ಕೆ ತಿರುಗಿಸಿ ತೋರಿಸುವ ಸೀಳು ಚಿತ್ರ) ತೆಗೆದೆ. ಕತ್ತರಿಸಿದ ಜಾಗಕ್ಕೆಲ್ಲ ಹ್ಯಾಚ್ (ಓರೆ ಗೆರೆಗಳು) ಬಿತ್ತು: ಹಬ್, ಫ್ಲ್ಯಾಂಜ್, ರಿಬ್ ಎಲ್ಲ ಒಂದೇ ಮುದ್ದೆ. ರೇಟ್ ಬೇಗ ಸಿಗಲಿ ಅಂತ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ) ಮಾಡುವವರಿಗೆ ಆ ಒಂದು ಹಾಳೆಯನ್ನು ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ಟಾಪ್ ವ್ಯೂ ಇನ್ನೊಂದು ಹಾಳೆಯಲ್ಲಿತ್ತು. ಅವರು ಒಂದೊಂದು ಪೀಸಿಗೆ 5 ಕೆ.ಜಿ. ಹಿಡಿದು ರೇಟ್ ಕೊಟ್ಟರು. ಮಾಡೆಲ್ ತೋರಿಸುವ ತೂಕ 2.9 ಕೆ.ಜಿ. ಫೋನ್ ಮಾಡಿ ಕೇಳಿದರೆ, "ಹಬ್ಬಿನ ಸುತ್ತ ಇಳಿಜಾರು ದಿಬ್ಬ ಇದೆಯಲ್ಲ" ಅಂದರು. ಅವರ ತಪ್ಪಲ್ಲ, ಚಿತ್ರ ಹೇಳಿದ್ದೇ ಅದು.

ರಿಬ್‌ಗೆ ಹ್ಯಾಚ್ ಹಾಕಬಾರದು ಅಂತ ಡಿಪ್ಲೊಮಾದಲ್ಲಿ ಓದಿದ ನೆನಪಿದೆ. ಆದರೆ ಸಾಫ್ಟ್‌ವೇರ್ ಕೇಳುವುದೇ ಇಲ್ಲ. ಸೆಕ್ಷನ್ ಸ್ಕೋಪ್ ಅನ್ನುವ ಡಬ್ಬಿ ಬರುತ್ತದೆ ಅನ್ನುತ್ತಾರೆ, ನನಗೆ ಒಮ್ಮೆಯೂ ಬಂದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕೋಟೆ_ಡ್ರಾಫ್ಟ್ಸ್‌ಮನ್, ಚಿತ್ರದುರ್ಗ

ಮೊದಲು ಒಂದು ಪ್ರಶ್ನೆ. ರಿಬ್ಬನ್ನು ಯಾವ ಕಮಾಂಡಿನಲ್ಲಿ ಮಾಡಿದಿರಿ? ತ್ರಿಕೋನ ಬರೆದು ಎಕ್ಸ್‌ಟ್ರೂಡ್ ಮಾಡಿದಿರೋ (ಅಂದರೆ ಚಿತ್ರಕ್ಕೆ ದಪ್ಪ ಕೊಟ್ಟಿರೋ), ರಿಬ್ ಟೂಲ್ ಬಳಸಿದಿರೋ?

ನೀವು ಉತ್ತರಿಸುವಷ್ಟರಲ್ಲಿ ತೂಕದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ನಿಯಮದ ಕಾರಣ ಅಲ್ಲೇ ಇದೆ. ನಿಮ್ಮ ರಿಬ್‌ನ ತ್ರಿಕೋನದ ಕ್ಷೇತ್ರಫಲ 40 × 60 ÷ 2, ಅಂದರೆ 1200 ಚದರ ಮಿ.ಮೀ. ದಪ್ಪ 8 ಅಂದರೆ ಒಂದು ರಿಬ್ 9.6 ಘನ ಸೆಂ.ಮೀ. ಬೀಡುಕಬ್ಬಿಣಕ್ಕೆ 7.2 ಸಾಂದ್ರತೆ ಹಿಡಿದರೆ ಸುಮಾರು 69 ಗ್ರಾಂ. ಮೂರೂ ಸೇರಿ 200 ಗ್ರಾಂ ಚಿಲ್ಲರೆ. ಅದೇ ತ್ರಿಕೋನವನ್ನು ಹಬ್ ಸುತ್ತ ಪೂರ್ತಿ ತಿರುಗಿಸಿ ಶಂಕು ಮಾಡಿದರೆ ಸುಮಾರು 327 ಘನ ಸೆಂ.ಮೀ., ಅಂದರೆ 2.35 ಕೆ.ಜಿ. ನಿಮ್ಮ 2.9 ಅವರಿಗೆ 5 ಆಗಿದ್ದು ಹೀಗೆ. ಅವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಹ್ಯಾಚ್ ಅಂದರೆ ಬರೀ "ಇಲ್ಲಿ ಗರಗಸ ಹಾಯಿತು" ಅಂತಲ್ಲ. ಓದುವವನ ಕಣ್ಣಿಗೆ ಅದು "ಇಲ್ಲಿ ಗಟ್ಟಿ ಲೋಹ ಇದೆ, ಸುತ್ತಲೂ ಇದೆ" ಅನ್ನುತ್ತದೆ. ತೆಳು ರಿಬ್ಬನ್ನು ಅದರ ಉದ್ದಕ್ಕೆ ಸೀಳಿ ಹ್ಯಾಚ್ ಹಾಕಿದರೆ ಗೆರೆಗಳೆಲ್ಲ ನಿಜ, ಆದರೆ ಓದುವವನಿಗೆ ಮುಟ್ಟುವುದು ಸುಳ್ಳು. ಅದಕ್ಕೇ ಬಿ.ಐ.ಎಸ್.ನ (ಭಾರತೀಯ ಮಾನಕ ಬ್ಯೂರೋ) ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಆಗಲಿ, ಅಂತರರಾಷ್ಟ್ರೀಯ ಮಾನಕ ಐಎಸ್‌ಒ 128 ಆಗಲಿ, ರಿಬ್, ಶಾಫ್ಟ್, ಬೋಲ್ಟು, ಚಕ್ರದ ಕಡ್ಡಿ ಇವನ್ನು ಉದ್ದಕ್ಕೆ ಕತ್ತರಿಸಿದಂತೆ ತೋರಿಸಬೇಡಿ ಅನ್ನುತ್ತವೆ.

ಮೆಕ್ಕೆಜೋಳ_ಮಷಿನ್, ದಾವಣಗೆರೆ

ತ್ರಿಕೋನ ಬರೆದು ಮಿಡ್ ಪ್ಲೇನ್‌ನಲ್ಲಿ 8 ಮಿ.ಮೀ. ಎಕ್ಸ್‌ಟ್ರೂಡ್ ಮಾಡಿದೆ. ಆಮೇಲೆ ಸರ್ಕ್ಯುಲರ್ ಪ್ಯಾಟರ್ನ್ (ಒಂದನ್ನು ಸುತ್ತಲೂ ನಕಲಿಸುವ ಕಮಾಂಡ್).

ಕೋಟೆ_ಡ್ರಾಫ್ಟ್ಸ್‌ಮನ್, ಚಿತ್ರದುರ್ಗ

ಸಿಕ್ಕಿತು. ಎಕ್ಸ್‌ಟ್ರೂಡ್ ಮಾಡಿದ ತ್ರಿಕೋನ ಸಾಲಿಡ್‌ವರ್ಕ್ಸ್‌ಗೆ ರಿಬ್ ಅಲ್ಲ, ಮೈಗೆ ಅಂಟಿದ ಇನ್ನೊಂದು ಬಾಸ್ (ಉಬ್ಬು) ಅಷ್ಟೆ. ಆಕಾರ ನೋಡಿ ಅದು ಗುರುತಿಸುವುದಿಲ್ಲ, ಫೀಚರ್ ಟ್ರೀಯಲ್ಲಿರುವ ಹೆಸರು ನೋಡಿ ಗುರುತಿಸುತ್ತದೆ. ರಿಬ್ ಟೂಲಿನಲ್ಲಿ ಮಾಡಿದ್ದಿದ್ದರೆ ಮಾತ್ರ ಸೆಕ್ಷನ್ ಸ್ಕೋಪ್ ಬಂದು "ಯಾವುದನ್ನು ಬಿಡಲಿ" ಅಂತ ಕೇಳುತ್ತದೆ.

ಹೀಗೆ ಮಾಡಿ. ಹಳೆಯ ಎಕ್ಸ್‌ಟ್ರೂಡ್ ತೆಗೆಯಿರಿ. ಅದೇ ಪ್ಲೇನಿನಲ್ಲಿ ತ್ರಿಕೋನ ಬೇಡ, ಒಂದೇ ಒಂದು ಓರೆ ಗೆರೆ ಎಳೆಯಿರಿ: ಹಬ್ ಮೇಲಿನ 60ರ ಎತ್ತರದಿಂದ ಫ್ಲ್ಯಾಂಜ್ ಮೇಲೆ 70ರ ತ್ರಿಜ್ಯದವರೆಗೆ. ರಿಬ್ ಟೂಲ್ ಒತ್ತಿ, ದಪ್ಪ 8, ಎರಡೂ ಬದಿಗೆ ಸಮ, ದಿಕ್ಕು ಸ್ಕೆಚ್‌ಗೆ ಸಮಾಂತರ. ಬಾಣ ಮೂಲೆಯ ಕಡೆ ನೋಡುತ್ತಿರಬೇಕು, ಹೊರಕ್ಕೆ ನೋಡುತ್ತಿದ್ದರೆ ಎರರ್ ಬರುತ್ತದೆ, ಫ್ಲಿಪ್ ಮಾಡಿ. ಮೂರೇ ರಿಬ್ ಇರುವುದರಿಂದ ನಾನಾದರೆ ಪ್ಯಾಟರ್ನ್ ಬಿಟ್ಟು ಮೂರನ್ನೂ ಪ್ರತ್ಯೇಕ ರಿಬ್ ಫೀಚರ್ ಆಗಿಯೇ ಮಾಡುತ್ತೇನೆ. ಡ್ರಾಯಿಂಗಿನಲ್ಲಿ ಯಾವುದನ್ನು ಬಿಡಬೇಕೆಂದು ಆರಿಸುವಾಗ ಗೊಂದಲ ಇರುವುದಿಲ್ಲ.

ಆಮೇಲೆ ಸೆಕ್ಷನ್ ವ್ಯೂ ಹೊಸದಾಗಿ ತೆಗೆಯಿರಿ. ಡಬ್ಬಿ ಬಂದಾಗ ಎಡಗಡೆಯ ಟ್ರೀ ಬಿಡಿಸಿ ರಿಬ್ ಫೀಚರ್ ಮೇಲೆ ಕ್ಲಿಕ್ ಮಾಡಿ. ಮುಂದೆ ಯಾವಾಗಲಾದರೂ ಬದಲಿಸಬೇಕಾದರೆ ವ್ಯೂ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಸೆಕ್ಷನ್ ಸ್ಕೋಪ್ ಟ್ಯಾಬ್ ಇದೆ.

ಇನ್ನೊಂದು ಮಾತು, ಇದು ಸಾಫ್ಟ್‌ವೇರಿಗೆ ಸೇರಿದ್ದಲ್ಲ. ಅಲೈನ್ಡ್ ಸೆಕ್ಷನ್ ನಿಮಗೆ ಬೇಕೇ ಅಂತ ಯೋಚಿಸಿ. 3 ರಿಬ್, ಅವುಗಳ ನಡುವೆ 3 ತೂತು ಅಂದಮೇಲೆ ಒಂದು ರಿಬ್‌ನ ನೇರ ಎದುರಿಗೆ ತೂತು ಇದ್ದೇ ಇರುತ್ತದೆ. ನೇರವಾಗಿ ಒಂದೇ ಕಟ್ ಹಾಕಿದರೆ ಒಂದು ಬದಿಗೆ ರಿಬ್, ಇನ್ನೊಂದು ಬದಿಗೆ ಬೋಲ್ಟ್ ತೂತು. ಒಂದೇ ಚಿತ್ರದಲ್ಲಿ ಎರಡು ವಿಷಯ ಸಿಗುತ್ತದೆ. ಎರಡೂ ಬದಿಗೆ ರಿಬ್ ತೋರಿಸಿದರೆ ನೋಡಲು ಚಂದ, ಹೊಸದಾಗಿ ಹೇಳುವುದು ಏನೂ ಇಲ್ಲ, ಮೇಲಾಗಿ ಶಂಕು ಅನ್ನುವ ಭ್ರಮೆ ಹುಟ್ಟಿದ್ದೇ ಎರಡೂ ಬದಿ ಒಂದೇ ತರಹ ಕಂಡಿದ್ದರಿಂದ.

ಆರನೇ_ಸೆಮ್, ದಾವಣಗೆರೆ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ತರಹದ್ದು. ನಾನು ಆಟೋಕ್ಯಾಡ್‌ನಲ್ಲಿ 2ಡಿ ಬರೆಯುತ್ತೇನೆ. ಎರಡು ತೊಂದರೆ. ಹ್ಯಾಚ್ 45 ಡಿಗ್ರಿ ಇರಬೇಕು ಅಂತ ಆ್ಯಂಗಲ್‌ನಲ್ಲಿ 45 ಕೊಟ್ಟರೆ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಇನ್ನೊಂದು, ಹಬ್ ಒಳಗೆ ಕ್ಲಿಕ್ ಮಾಡಿದರೆ ಹ್ಯಾಚ್ ರಿಬ್ ಒಳಗೂ ಹರಿದು ಹೋಗುತ್ತದೆ.

ಟಿ_ಸ್ಕ್ವೇರ್, ಹೊಸದುರ್ಗ

ಮೊದಲನೆಯದು ಸುಲಭ. ಎಎನ್‌ಎಸ್‌ಐ31 ಅನ್ನುವ ಹ್ಯಾಚ್ ಪ್ಯಾಟರ್ನ್ ಹುಟ್ಟುವಾಗಲೇ 45 ಡಿಗ್ರಿ ಓರೆ ಇರುತ್ತದೆ. ನೀನು ಕೊಡುವ ಕೋನ ಅದರ ಮೇಲೆ ಕೂಡುತ್ತದೆ, 45ಕ್ಕೆ 45 ಸೇರಿ 90. ಆ್ಯಂಗಲ್ 0 ಇಡು. ಪಕ್ಕದ ಬೇರೆ ಭಾಗಕ್ಕೆ ಎದುರು ಓರೆ ಬೇಕಾದಾಗ 90 ಕೊಡು.

ಎರಡನೆಯದನ್ನು ಸ್ವಲ್ಪ ನಿಧಾನವಾಗಿ ಓದು, ಇದರಲ್ಲಿ ಹೆಚ್ಚಿನವರು ಎಡವುತ್ತಾರೆ. ಹ್ಯಾಚ್ ಹರಿಯುವುದು ಹಬ್‌ಗೂ ರಿಬ್‌ಗೂ ನಡುವೆ ಗೆರೆ ಇಲ್ಲದ್ದರಿಂದ. ನಿಜವಾದ ಎರಕದಲ್ಲಿ ಅಲ್ಲಿ ಯಾವ ಅಂಚೂ ಇಲ್ಲ, ಹಬ್ಬು ರಿಬ್ಬು ಒಂದೇ ಮೈ. ಆದರೂ ಚಿತ್ರದಲ್ಲಿ ಅಲ್ಲಿ ಗೆರೆ ಎಳೆಯಬೇಕು. ಯಾವ ಗೆರೆ? ರಿಬ್ ಇಲ್ಲದಿದ್ದರೆ ಹಬ್ಬಿನ ಹೊರಮೈ ಎಲ್ಲಿರುತ್ತಿತ್ತೋ ಅದು. ಮೇಲಿನ ಅಣ್ಣನವರ ಬ್ರ್ಯಾಕೆಟ್ಟಿನಲ್ಲಿ ಮಧ್ಯರೇಖೆಯಿಂದ 30 ದೂರದ ನಿಲುವು ಗೆರೆ, ಮತ್ತು ಫ್ಲ್ಯಾಂಜಿನ ಮೇಲ್ಮೈಯ ಅಡ್ಡಗೆರೆ. ಎರಡೂ ದಪ್ಪ, ಮುರಿಯದ ಗೆರೆ. ಚುಕ್ಕಿಗೆರೆ ಹಾಕಬೇಡ. ಈ ಎರಡು ಗೆರೆ ಬಿದ್ದ ಕೂಡಲೇ ಹ್ಯಾಚ್ ಅದರ ಪಾಡಿಗೆ ನಿಲ್ಲುತ್ತದೆ.

ಗೆರೆ ಇದ್ದೂ ಹರಿಯುತ್ತಿದ್ದರೆ ಮೂಲೆಯಲ್ಲಿ ಎಲ್ಲೋ ಕೂದಲೆಳೆ ಸಂದು ಇದೆ ಅಂತ ಅರ್ಥ. ಎಚ್‌ಪಿಗ್ಯಾಪ್‌ಟಾಲ್ ಅನ್ನುವ ವೇರಿಯೆಬಲ್ ಏರಿಸಿದರೆ ಸಂದಿದ್ದರೂ ಹ್ಯಾಚ್ ಬೀಳುತ್ತದೆ. ಆದರೆ ಸಂದು ಹುಡುಕಿ ಟ್ರಿಮ್, ಎಕ್ಸ್‌ಟೆಂಡ್ ಮಾಡುವುದೇ ಒಳ್ಳೆಯದು, ಅದೇ ಸಂದು ನಾಳೆ ಲೇಸರ್ ಕಟಿಂಗ್‌ಗೆ ಹೋದಾಗ ತೊಂದರೆ ಕೊಡುತ್ತದೆ.

ಆರನೇ_ಸೆಮ್, ದಾವಣಗೆರೆ

ಎರಡೂ ಸರಿಹೋಯಿತು, ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಮಾತ್ರ. ಹಾಗಾದರೆ ರಿಬ್‌ಗೆ ಯಾವತ್ತೂ ಹ್ಯಾಚ್ ಹಾಕಲೇಬಾರದೇ?

ಮರಳಚ್ಚು, ಹರಿಹರ

ಅದಕ್ಕೆ ನಾನು ಹೇಳ್ತೀನಿ. ನಾನು ಡ್ರಾಯಿಂಗ್ ಬರೆಯೋನಲ್ಲ, ಓದೋನು. ಮರದ ಪ್ಯಾಟರ್ನ್ ಮಾಡೋದು ನನ್ನ ಕಸುಬು.

ರಿಬ್ಬನ್ನ ಅಡ್ಡಕ್ಕೆ ಕೊಯ್ದರೆ ಹ್ಯಾಚ್ ಹಾಕಲೇಬೇಕು. ಉದ್ದಕ್ಕೆ ಸೀಳಿದರೆ ಮಾತ್ರ ಬೇಡ. ನಮಗೆ ಆ ಅಡ್ಡ ಕೊಯ್ತದ ಚಿತ್ರಾನೇ ಭಾಳ ಮುಖ್ಯ ನೋಡ್ರಿ. ಸೆಕ್ಷನ್ನಾಗೆ ರಿಬ್ಬನ್ನ ಖಾಲಿ ಬಿಟ್ಟಿದ್ದು ನೋಡಿ ಅದು ತೆಳು ಅಂತ ತಿಳೀತು, ಎಷ್ಟು ತೆಳು? ದಪ್ಪ ಬುಡದಾಗೂ ತುದಿಯಾಗೂ ಒಂದೇನಾ, ಅಂಚು ಚೂಪೋ ದುಂಡೋ? ರಿಬ್ಬಿನ ಓರೆ ಗೆರೆ ಮೇಲೇನೆ ಒಂದು ಸಣ್ಣ ಅಡ್ಡ ಸೆಕ್ಷನ್ ತಿರುಗಿಸಿ ಕೂರಿಸಿದ್ರೆ ಎಲ್ಲಾ ಒಂದೇ ನೋಟಕ್ಕೆ ಸಿಗ್ತತಿ. 8 ಅಂತ ಅಲ್ಲೇ ಅಳತೆ ಕೊಡ್ರಿ, ಪಕ್ಕದಾಗ 3 ರಿಬ್ ಅಂತ ಬರೀರಿ.

ಇನ್ನ ಮೂಲೆ ರೇಡಿಯಸ್. ಹಬ್, ಫ್ಲ್ಯಾಂಜ್, ರಿಬ್ ಮೂರೂ ಕೂಡೋ ಜಾಗದಾಗೆ ಲೋಹ ಗುಡ್ಡೆ ಆಗ್ತತಿ. ಬೇರೆ ಕಡೆ ತಣ್ಣಗಾದ ಮೇಲೂ ಅಲ್ಲಿ ಬಿಸಿ ಇರ್ತತಿ, ಕುಗ್ಗುವಾಗ ಒಳಗೆ ಟೊಳ್ಳು ಬೀಳ್ತತಿ. ರೇಡಿಯಸ್ ಇಲ್ಲದಿದ್ರೆ ಬಿರುಕು, ಅತಿಯಾದ್ರೆ ಗುಡ್ಡೆ ಇನ್ನೂ ದೊಡ್ಡದು. ಫ್ಲ್ಯಾಂಜು 12, ರಿಬ್ಬು 8 ಇಟ್ಟಿದ್ದು ಒಳ್ಳೇದಾತು, ರಿಬ್ಬು ಯಾವಾಗ್ಲೂ ಗೋಡೆಗಿಂತ ತೆಳು ಇರಬೇಕು. ರೇಡಿಯಸ್ ಎಷ್ಟು ಅಂತ ಮಾತ್ರ ನೀವು ಬರೆದಿಲ್ಲ. ಬರೆಯದಿದ್ರೆ ಪ್ರತಿಯೊಬ್ಬ ಪ್ಯಾಟರ್ನಿನವನೂ ತನ್ನ ಕೈಗೆ ಬಂದಂಗೆ ಮಾಡ್ತಾನೆ.

ನೀರಿನ_ಪಂಪು, ಚಳ್ಳಕೆರೆ

ಸಾಲಿಡ್‌ವರ್ಕ್ಸ್ ಇಲ್ಲದವರಿಗೂ ಒಂದು ದಾರಿ ಹೇಳಿಬಿಡುತ್ತೇನೆ. ಇನ್ವೆಂಟರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಾನು ಹ್ಯಾಚ್ ಮೇಲೆ ರೈಟ್ ಕ್ಲಿಕ್ ಮಾಡಿ ಹೈಡ್ ಮಾಡುತ್ತೇನೆ. ಆಮೇಲೆ ಅದೇ ವ್ಯೂ ಮೇಲೆ ಸ್ಕೆಚ್ ತೆರೆದು, ಅಂಚುಗಳನ್ನು ಪ್ರಾಜೆಕ್ಟ್ ಮಾಡಿ, ರಿಬ್ ಗಡಿಯ ಗೆರೆ ಎಳೆದು, ಬೇಕಾದ ಜಾಗಕ್ಕೆ ಮಾತ್ರ ಹ್ಯಾಚ್ ತುಂಬುತ್ತೇನೆ.

ಯಾವ ಸಾಫ್ಟ್‌ವೇರಿಗೂ ಒಗ್ಗುವ ಉಪಾಯ ಇನ್ನೊಂದಿದೆ. ರಿಬ್‌ಗಳನ್ನು ಸಪ್ರೆಸ್ ಮಾಡಿದ (ಮಾಡೆಲ್‌ನಲ್ಲಿ ಇಲ್ಲದಂತೆ ತಡೆಹಿಡಿದ) ಒಂದು ಪ್ರತಿ ಇಟ್ಟುಕೊಂಡು ಅದರ ಸೆಕ್ಷನ್ ತೆಗೆಯುವುದು. ಹ್ಯಾಚ್ ತಾನಾಗಿಯೇ ಹಬ್ ಮತ್ತು ಫ್ಲ್ಯಾಂಜಿಗೆ ಮಾತ್ರ ಬೀಳುತ್ತದೆ, ಟಿ_ಸ್ಕ್ವೇರ್ ಅವರು ಹೇಳಿದ ಆ ಎರಡು ಗಡಿಗೆರೆಯೂ ಪುಕ್ಕಟೆಯಾಗಿ ಸಿಗುತ್ತದೆ. ರಿಬ್‌ನ ಓರೆ ಗೆರೆಯೊಂದನ್ನು ಕೈಯಾರೆ ಎಳೆದರೆ ಮುಗಿಯಿತು. ಅಪಾಯ ಒಂದೇ: ಮುಂದೆ ಮಾಡೆಲ್‌ನಲ್ಲಿ ರಿಬ್ ಎತ್ತರ ಬದಲಿಸಿದರೆ ಕೈಯಾರೆ ಎಳೆದ ಗೆರೆ ಅಲ್ಲೇ ಉಳಿಯುತ್ತದೆ. ಅದಕ್ಕೇ ರಿಬ್ ಟೂಲ್ ಇರುವವರು ಆ ದಾರಿಯಲ್ಲೇ ಹೋಗಿ.

ಮೆಕ್ಕೆಜೋಳ_ಮಷಿನ್, ದಾವಣಗೆರೆ

ಮೂರೂ ರಿಬ್ ಹೊಸದಾಗಿ ಮಾಡಿದೆ. ಡಬ್ಬಿ ಬಂತು! ಟ್ರೀಯಲ್ಲಿ ರಿಬ್ ಆರಿಸಿದ ಕೂಡಲೇ ಅದು ಬಿಳಿಯಾಯಿತು, ಹಬ್ಬಿನ ಗೆರೆಯೂ ತಾನಾಗಿಯೇ ಬಂತು. ಅಲೈನ್ಡ್ ಬಿಟ್ಟು ನೇರ ಕಟ್ ಹಾಕಿದೆ: ಎಡಕ್ಕೆ ರಿಬ್, ಬಲಕ್ಕೆ ತೂತು. ಅಡ್ಡ ಸೆಕ್ಷನ್ ಕೂರಿಸಿ 8 ಬರೆದೆ, ಮೂಲೆಗಳಿಗೆ ರೇಡಿಯಸ್ 5 ಕೊಟ್ಟೆ. ಟಾಪ್ ವ್ಯೂ ಈಗ ಅದೇ ಹಾಳೆಯಲ್ಲಿದೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ತೂತಿನ ಬದಿಯಲ್ಲಿ ಹಬ್ಬಿಗೆ ಅಂಟಿಕೊಂಡು ಒಂದು ಸಣ್ಣ ಬೆಣೆಯಂಥ ಆಕಾರ ಕಾಣುತ್ತಿದೆ. ಮಾಡೆಲ್‌ನಲ್ಲಿ ಅಲ್ಲಿ ಏನೂ ಇಲ್ಲ.

ಕೋಟೆ_ಡ್ರಾಫ್ಟ್ಸ್‌ಮನ್, ಚಿತ್ರದುರ್ಗ

ಇದೆ. ಅದು ಹಿಂದಿನ ರಿಬ್. ಕಟ್ಟಿನ ಆಚೆ 120 ಡಿಗ್ರಿಯಲ್ಲಿ ನಿಂತಿರುವ ರಿಬ್ ಓರೆಯಾಗಿ ಕಾಣುವುದರಿಂದ ಅದರ ಉದ್ದ ಅರ್ಧವಾಗುತ್ತದೆ. ತುದಿ ಇರುವುದು 70ರಲ್ಲಿ, ಕಾಣುವುದು 35ರಲ್ಲಿ. ದಪ್ಪದ ಪಾಲೂ ಸೇರಿದರೆ ಬುಡದಲ್ಲಿ ಸುಮಾರು 38ರವರೆಗೆ ಬರುತ್ತದೆ. ಹಬ್ಬಿನ ಅಂಚು 30ಕ್ಕೆ ಮುಗಿಯುತ್ತದಲ್ಲ, ಉಳಿದ 8 ಮಿ.ಮೀ. ಇಣುಕುತ್ತಿದೆ.

ಸಾಫ್ಟ್‌ವೇರ್ ಬರೆದಿದ್ದು ಜ್ಯಾಮಿತಿಯ ಪ್ರಕಾರ ಸರಿ. ಆದರೆ ಆ ಚೂರಿಗೆ ಅಳತೆ ಕೊಡಲು ಬರುವುದಿಲ್ಲ, ಅದು ಏನು ಅಂತ ನಿಮಗೇ ತಿಳಿಯಲಿಲ್ಲ ಅಂದಮೇಲೆ ಪ್ಯಾಟರ್ನಿನವರು ಅದನ್ನು ಇನ್ನೊಂದು ಸಣ್ಣ ರಿಬ್ ಅಂದುಕೊಂಡಾರು. ಟಾಪ್ ವ್ಯೂನಲ್ಲಿ ಮೂರೂ ರಿಬ್ ಸ್ಪಷ್ಟವಾಗಿ ಇರುವುದರಿಂದ ಇಲ್ಲಿ ತೆಗೆದರೆ ಏನೂ ಕಳೆಯುವುದಿಲ್ಲ. ಆ ಅಂಚುಗಳನ್ನು ಆರಿಸಿ ಹೈಡ್ ಎಡ್ಜ್ ಮಾಡಿ.

ಮರಳಚ್ಚು, ಹರಿಹರ

ತೆಗೀರಿ ಅದನ್ನ. ನಾನಾಗಿದ್ರೆ ಅಲ್ಲೊಂದು ಮರದ ತುಂಡು ಅಂಟಿಸಿಬಿಡ್ತಿದ್ದೆ.

ಮೆಕ್ಕೆಜೋಳ_ಮಷಿನ್, ದಾವಣಗೆರೆ

ತೆಗೆದೆ. ಇವತ್ತು ಸಂಜೆ ಅದೇ ಪ್ಯಾಟರ್ನಿನವರ ಹತ್ತಿರ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ನಾನು ಏನೂ ಹೇಳದೆ ಮೇಜಿನ ಮೇಲಿಟ್ಟೆ. ಬಿಳಿ ತ್ರಿಕೋನದ ಮೇಲೆ ಬೆರಳಿಟ್ಟು "ಇದು ರಿಬ್ಬಾ?" ಅಂದರು, ಅಡ್ಡ ಸೆಕ್ಷನ್ ನೋಡಿ "ಎಂಟು" ಅಂದರು. ಹೊಸ ರೇಟ್ 3 ಕೆ.ಜಿ. ಲೆಕ್ಕದಲ್ಲಿ ಬರೆದುಕೊಟ್ಟಿದ್ದಾರೆ.